ಗಟ್ಟಿ ಆಯಿಲ್ ಮೇಷ್ಟ್ರು

ಮೇಷ್ಟ್ರ ಶಿವಗಣಾರಾಧನೆಯ ದಿನ ಮಠದಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ನಮ್ಮ ಐಟಿಐ ಆಡಳಿತ ಮಂಡಳಿಯ ಅಧ್ಯಕ್ಷರು ಮೈಕು ಹಿಡಿದು, 'ಅವರು ಮೃದುಭಾಷಿ, ಅಜಾತಶತ್ರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ' ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮೃದುಭಾಷಿಯಂತೆ. ಆ ಮನುಷ್ಯ ಬೀರೂರಿನ ನಮ್ಮ ವರ್ಕ್‌ಶಾಪಿನಲ್ಲಿ ಬಾಯಿ ತೆಗೆದರೆ ರೈಲ್ವೆ ಗೇಟಿನಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ಅಜಾತಶತ್ರುವಂತೆ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕಿನಲ್ಲಿ ಅವರು ಜಗಳವಾಡದ ಒಂದೇ ಒಂದು ಗ್ಯಾರೇಜು ತೋರಿಸಿ ನೋಡೋಣ. ಅವರ ಶತ್ರುಗಳಲ್ಲಿ ಎಲ್ಲರಿಗಿಂತ ದೊಡ್ಡವರು ಅವತ್ತು ಮೈಕು ಹಿಡಿದಿದ್ದವರೇ.

ನನಗೂ ಎರಡು ಮಾತಾಡಲು ಹೇಳಿದ್ದರು. ಆಮೇಲೆ ಸಮಯ ಸಾಲದೆಂದು ನನ್ನ ಹೆಸರು ಬಿಟ್ಟರು. ಮೈಕು ಸಿಕ್ಕಿದ್ದರೆ ಎರಡು ಮಾತಿಗೆ ನಿಲ್ಲುತ್ತಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹೆಸರು ಹಾಕಿ ಹೊಗಳಿಸಿಕೊಳ್ಳುವುದು ಅವರಿಗೆ ಆಗುತ್ತಿರಲಿಲ್ಲ, ಹಾಕಿದರೆ ಇದ್ದಲ್ಲಿಂದಲೇ ಕನ್ನಡಕ ತೆಗೆದಾರು.

ಕನ್ನಡಕದ ವಿಷಯ ಹೇಳಬೇಕು. ಯಾರನ್ನಾದರೂ ಬೈಯುವ ಮುಂಚೆ ಅವರು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಇಳಿಸುತ್ತಿದ್ದರು. ಬೈದು ಮುಗಿದ ಮೇಲೆ ಮತ್ತೆ ಏರಿಸುತ್ತಿದ್ದರು. ಹುಡುಗರಿಗೆ ಇದು ಚೆನ್ನಾಗಿ ಗೊತ್ತಿದ್ದರಿಂದ ಅವರ ಕೈ ಕಿವಿಯ ಹತ್ತಿರ ಹೋದ ತಕ್ಷಣ ಸ್ಪ್ಯಾನರುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತಿದ್ದವು. ಯಾಕೆ ಸಾರ್ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ. 'ಮುಖ ಸರ್ಯಾಗಿ ಕಂಡ್ರೆ ಅಯ್ಯೋ ಪಾಪ ಅನ್ಸುತ್ತೆ ಕಣಮ್ಮಾ. ಆಮೇಲೆ ಬೈಯೋಕಾಗಲ್ಲ' ಎಂದರು.

ನಾನು ಅಲ್ಲಿ ವರ್ಕ್‌ಶಾಪ್ ಲೆಕ್ಕ ಮತ್ತು ಡ್ರಾಯಿಂಗ್ ಹೇಳಿಕೊಡುತ್ತಿದ್ದೆ. ಅವರು ಮೋಟಾರು ವಾಹನದ ಮೆಕ್ಯಾನಿಕ್ ಟ್ರೇಡಿನವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸ್ಟಾಫಿನಲ್ಲಿ ನಾನೊಬ್ಬಳೇ ಹೆಂಗಸೆಂದು, ಮೀಟಿಂಗಿನ ಟೀ ಜವಾಬ್ದಾರಿ ನನ್ನ ತಲೆಗೆ ಬಂತು. ಯಾರೂ ಹೇಳಿದ್ದಲ್ಲ, ಸುಮ್ಮನೆ ಎಲ್ಲರೂ ನನ್ನ ಕಡೆ ನೋಡಿದರು. ಇವರು ಕನ್ನಡಕ ತೆಗೆದರು. 'ಟೀ ಬೇಕಾದೋರು ಎದ್ದೋಗಿ ಕಾಯ್ಸ್ಕಳಿ. ಆಯಮ್ಮ ಲೆಕ್ಕ ಹೇಳೋಕೆ ಬಂದಿರೋದು' ಎಂದರು. ಅವತ್ತು ಯಾರಿಗೂ ಟೀ ಬೇಡವಾಯಿತು. ಮಾರನೇ ದಿನ ನಾನು ತಪ್ಪು ಅಳತೆಯ ಡ್ರಾಯಿಂಗ್ ಒಂದಕ್ಕೆ ಪೂರ್ತಿ ಅಂಕ ಕೊಟ್ಟಿದ್ದನ್ನು ನೋಡಿ ನನ್ನ ಮುಂದೆಯೂ ಕನ್ನಡಕ ತೆಗೆದರು. ಅವರ ಹತ್ತಿರ ಉಪಕಾರದ ಲೆಕ್ಕ ಬೇರೆ, ಬೈಗುಳದ ಲೆಕ್ಕ ಬೇರೆ ಇತ್ತು.

ಅವರ ಪಾಠಕ್ಕೆ ಸೀಮೆಸುಣ್ಣ ಬೇಕಿರಲಿಲ್ಲ. ಮಠದ ದಾಸೋಹದ ಮನೆಗೆ ಎರಡು ಬಾಗಿಲು. ಮುಂದಿನ ಬಾಗಿಲಿನಿಂದ ಹಸಿದವರು ಒಳಗೆ ಬಂದು ಕೂರುತ್ತಾರೆ, ಹಿಂದಿನ ಬಾಗಿಲಿನಿಂದ ಉಂಡವರು ಕೈತೊಳೆಯಲು ಹೊರಗೆ ಹೋಗುತ್ತಾರೆ. ಒಂದು ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂರುವಾಗ ಆ ಬಾಗಿಲುಗಳನ್ನು ಕಾಯುವ ಕೆಲಸ ಇವರ ಮನೆತನಕ್ಕೆ ಮೊದಲಿಂದಲೂ ಬಂದದ್ದು. ಹುಡುಗರಿಗೆ ಇಂಜಿನ್ನಿನ ವಾಲ್ವ್‌ಗಳನ್ನು ಅವರು ಆ ಬಾಗಿಲುಗಳಿಂದಲೇ ಕಲಿಸುತ್ತಿದ್ದರು. ಗಾಳಿ, ಪೆಟ್ರೋಲು ಒಳಗೆ ಬರಲು ಒಂದು ಬಾಗಿಲು, ಸುಟ್ಟ ಹೊಗೆ ಹೊರಗೆ ಹೋಗಲು ಒಂದು ಬಾಗಿಲು.

'ಬಾಗ್ಲು ಏನು ಅಂತ ಕೇಳ್ಬೇಡಿ, ಯಾವಾಗ ಅಂತ ಕೇಳಿ' ಎನ್ನುವುದು ಅವರ ಮಾತು. 'ಸೋಮವಾರ ಜನ ಕಮ್ಮಿ. ಉಂಡೋರು ನಿಧಾನಕ್ಕೆ ಏಳ್ತಾರೆ. ಅವತ್ತು ಮುಂದಿನ ಬಾಗ್ಲು ಬೇಗ ತೆಗುದ್ರೆ ಹಸ್ದೋರೂ ಉಂಡೋರೂ ಕಲ್ಸ್ಕಂಡು ಎಂಜಲು ಕೈಯೋರು ವಾಪಸ್ ಒಳಕ್ಕೆ ಬತ್ತಾರೆ. ಅವರು ಪೂರ್ತಿ ಹೋದ್ಮೇಲೇ ತೆಗೀಬೇಕು. ಅಮಾವಾಸ್ಯೆ ದಿನ ಹಂಗಲ್ಲ, ಜನ ನುಗ್ತಾ ಇರ್ತಾರೆ. ಉಂಡೋರು ಹೊರಗೆ ಹೋಗ್ತಿದ್ದಂಗೇ ಇತ್ಲಾಗೆ ತೆಗುದ್ಬಿಡ್ಬೇಕು. ಅವ್ರು ಹೋದ ರಭಸಕ್ಕೇ ಇವ್ರು ಒಳಕ್ಕೆ ಬಂದ್ಬಿಡ್ತಾರೆ.'

ಹಳೆಯ ಜೀಪಿನ ಇಂಜಿನ್ನಿಗೆ ದಿನಾ ಒಂದೇ ಹೊತ್ತು. ಜನ ಬರಲಿ ಬಿಡಲಿ, ಅದೇ ಗಳಿಗೆಗೆ ಬಾಗಿಲು ತೆಗೆಯುವ ದ್ವಾರಪಾಲಕ. ಹಾಗಾಗಿ ಮೆಲ್ಲಗೆ ಏರುವಾಗ ಚೆನ್ನಾಗಿ ಎಳೆಯುವ ಗಾಡಿ ಜೋರಾಗಿ ಓಡಿಸಿದರೆ ಉಬ್ಬಸ ಪಡುತ್ತಿತ್ತು. ಜೋರಾಗಿ ಓಡುವ ಗಾಡಿ ಏರಿನಲ್ಲಿ ಮಂಡಿ ಊರುತ್ತಿತ್ತು. ಆಮೇಲೆ ಪೆಟ್ರೋಲು ಜೀಪುಗಳಲ್ಲಿ ವಿವಿಟಿ, ಅಂದರೆ ವೇರಿಯಬಲ್ ವಾಲ್ವ್ ಟೈಮಿಂಗ್, ಬಂತು. ಬಾಗಿಲು ತೆಗೆಯುವ ಹೊತ್ತನ್ನು ಇಂಜಿನ್ನೇ ಜನ ನೋಡಿ ಹಿಂದುಮುಂದು ಮಾಡಿಕೊಳ್ಳುವ ಏರ್ಪಾಡು. ಇವರು ಅದಕ್ಕೆ ಮರುಳಾದರು. 'ಕಲ್ಲುದಾರೀಲಿ ಮೆಲ್ಲಗೆ ಹತ್ತೋವಾಗ ಇಂಜಿನ್‌ಗೆ ಸೋಮವಾರ. ಕೆರೆ ಅಂಗಳದ ಕೆಸರಲ್ಲಿ ಚಕ್ರ ಸುತ್ತಿಸ್ಕಂಡು ನುಗ್ಗೋವಾಗ ಅಮಾವಾಸ್ಯೆ. ರೋಡಲ್ಲಿ ಓಡೋ ಕಾರಿಗೆ ಇದು ಅಷ್ಟು ಬೇಕಾಗಿಲ್ಲ. ಬೆಟ್ಟದ ಜೀಪಿಗೆ ಒಂದೇ ತಿರುವಲ್ಲಿ ಎರಡೂ ಬತ್ತದೆ ಕಣ್ರೋ' ಎಂದು ತರಗತಿಯ ಬಾಗಿಲು, ಕಿಟಕಿ ಎಲ್ಲವನ್ನೂ ಧಡಾರ್ ಧಡಾರ್ ಎಂದು ತೆಗೆದು ಮುಚ್ಚಿ ತೋರಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ನನ್ನ ಲೆಕ್ಕ ಅವತ್ತು ಅಷ್ಟಕ್ಕೇ ನಿಲ್ಲುತ್ತಿತ್ತು.

ಹಾಗೆಂದು ಅವರನ್ನು ಸರ್ವಜ್ಞರೆಂದು ಯಾರೂ ತಿಳಿಯುವುದು ಬೇಡ. ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಐಟಿಐ ಜೀಪನ್ನು ಹಿಂದಕ್ಕೆ ತೆಗೆಯಲು ಹೋಗಿ ನೀರಿನ ತೊಟ್ಟಿಗೆ ಗುದ್ದಿದ್ದರು, ಮತ್ತೊಮ್ಮೆ ಸಿಂಗಟಗೆರೆ ಸಂತೆಯ ಪಕ್ಕದಲ್ಲಿ ತೆಂಗಿನಕಾಯಿ ರಾಶಿಯ ಮೇಲೆ ಹತ್ತಿಸಿದ್ದರು. ಎರಡು ಸಲವೂ ತಪ್ಪು ತೊಟ್ಟಿಯದ್ದು, ಕಾಯಿಯದ್ದು. ಸಿಟ್ಟಿನಲ್ಲಿ ನ್ಯಾಯವೂ ಯಾವಾಗಲೂ ಇರುತ್ತಿರಲಿಲ್ಲ.

ಇನ್ನು ಅವರ ಇನ್ನೊಂದು ಮಾತು. 'ಬೆಟ್ಟ ಹತ್ತೋ ಗಾಡಿಗೆ ಗಟ್ಟಿ ಆಯಿಲ್.' ಹಳೆಯ ಡೀಸೆಲ್ ಜೀಪುಗಳ ಕಾಲದಲ್ಲಿ ಅವರೇ ಕಟ್ಟಿದ ಮಾತು. ಬಿಸಿಯಾದ ಹಳೆ ಇಂಜಿನ್ನಿನಲ್ಲಿ ತೆಳು ಆಯಿಲ್ ನಿಲ್ಲುವುದಿಲ್ಲ, ಗಟ್ಟಿಯದು ಹಾಕಿ ಎಂದು. ಆಗ ಅದು ಸರಿಯೇ ಇತ್ತು. ಅವರ ಕೈಯಲ್ಲಿ ಕಲಿತವರು ಮೂರು ತಾಲ್ಲೂಕಿನಲ್ಲೂ ಗ್ಯಾರೇಜು ಇಟ್ಟರು, ಎಲ್ಲ ಕಡೆಗೂ ಆ ಮಾತು ಹೋಯಿತು. ತರೀಕೆರೆಯಲ್ಲಿ ಗ್ಯಾರೇಜು ಇಟ್ಟಿರುವ ಅವರ ಶಿಷ್ಯ ಬಾಷಾ ಅದನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿ, ಕೆಳಗೆ 'ಗುರುಗಳ ಮಾತು' ಎಂದು ಹಾಕಿಸಿದ್ದ. ಅವರಿಗೆ ಮೂರೂ ತಾಲ್ಲೂಕಿನಲ್ಲಿ ಗಟ್ಟಿ ಆಯಿಲ್ ಮೇಷ್ಟ್ರು ಎಂದೇ ಹೆಸರು. ಆ ಹೆಸರು ಅವರಿಗೆ ಇಷ್ಟವೂ ಇತ್ತು.

ನನಗೆ ಸಿಟ್ಟು ಬರುವುದು ಇಲ್ಲಿ. ವಿವಿಟಿಯಲ್ಲಿ ಆ ಬಾಗಿಲಿನ ಹೊತ್ತನ್ನು ಹಿಂದುಮುಂದು ಮಾಡುವ ಕೈ ಯಾವುದು? ಇಂಜಿನ್ ಆಯಿಲ್. ಅದು ಸಣ್ಣ ಸಣ್ಣ ದಾರಿಯಲ್ಲಿ ಒತ್ತಡದಿಂದ ಹರಿದು ಒಳಗಿನ ತಿರುಗಣೆಯನ್ನು ತಿರುಗಿಸಿದರೆ ಮಾತ್ರ ಹೊತ್ತು ಬದಲಾಗುತ್ತದೆ. ಅದಕ್ಕೆ ಕಂಪನಿಯವರು ತೆಳು ಆಯಿಲನ್ನೇ ಹಾಕಿ ಎನ್ನುತ್ತಾರೆ. ಇದನ್ನು ಬೆಳಗ್ಗೆ ತರಗತಿಯಲ್ಲಿ ಅವರೇ ಹೇಳುತ್ತಿದ್ದರು. ಮಧ್ಯಾಹ್ನ ವರ್ಕ್‌ಶಾಪಿನಲ್ಲಿ, ಅದೇ ಬಾಯಲ್ಲಿ, ಬೆಟ್ಟ ಹತ್ತೋ ಗಾಡಿಗೆ ಗಟ್ಟಿ ಆಯಿಲ್ ಎನ್ನುತ್ತಿದ್ದರು. ಎರಡು ಮಾತನ್ನೂ ಒಂದು ಕಡೆ ಇಟ್ಟು ಯಾರೂ ನೋಡಲಿಲ್ಲ. ಹುಡುಗರು ನೋಡಲಿಲ್ಲ, ಬಾಷಾ ನೋಡಲಿಲ್ಲ, ಅವರೂ ನೋಡಲಿಲ್ಲ. ಗಾದೆಯಾಗಿಬಿಟ್ಟ ಮಾತನ್ನು ಯಾರು ಪರೀಕ್ಷೆ ಮಾಡುತ್ತಾರೆ?

ತಿಮ್ಮೇಶ ಎಂಬುವನು ಅವರ ಹಳೆಯ ವಿದ್ಯಾರ್ಥಿ, ಹಿರೇನಲ್ಲೂರು ಕಡೆಯವನು. ತರೀಕೆರೆಯ ಆಚೆ ಬೆಟ್ಟದ ಬುಡದಲ್ಲಿರುವ ಜೀಪ್ ಸ್ಟ್ಯಾಂಡಿನಲ್ಲಿ ಪ್ರವಾಸಿಗರನ್ನು ಮೇಲಕ್ಕೆ ಕರೆದೊಯ್ಯುವ ಜೀಪು ಓಡಿಸುತ್ತಿದ್ದ. ಜೀಪು ನಮ್ಮ ಅಧ್ಯಕ್ಷರದು, ವಿವಿಟಿ ಇರುವ ಪೆಟ್ರೋಲು ಗಾಡಿ. ಒಂದು ಚಳಿಗಾಲದ ಬೆಳಗ್ಗೆ ಕಡಿದಾದ ತಿರುವಿನಲ್ಲಿ ಅದು ಇದ್ದಕ್ಕಿದ್ದಂತೆ ನಿಂತು ಹಿಂದಕ್ಕೆ ಜಾರಿತು. ತಿಮ್ಮೇಶ ಸ್ಟೇರಿಂಗ್ ತಿರುಗಿಸಿ ಗುಡ್ಡದ ಕಡೆಗೆ ಒರಗಿಸಿದ್ದರಿಂದ ಪ್ರಪಾತಕ್ಕೆ ಹೋಗಲಿಲ್ಲ. ಒಬ್ಬ ಪ್ರವಾಸಿಯ ಕೈ ಮುರಿಯಿತು. ಸ್ಟ್ಯಾಂಡಿನ ಡ್ರೈವರುಗಳ ಸಂಘ ಸೇರಿ, ತಪ್ಪು ಡ್ರೈವರನದೇ, ಇವನಿಗೆ ಇನ್ನು ಮೇಲೆ ಸರದಿ ಇಲ್ಲ ಎಂದು ತೀರ್ಮಾನ ಮಾಡಿತು. ಗಾಡಿಯಲ್ಲೇ ಏನೋ ದೋಷ ಇತ್ತು ಎಂದ ತಿಮ್ಮೇಶನಿಗೆ ಸಂಘದ ಕಾರ್ಯದರ್ಶಿ, 'ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ' ಎಂದನಂತೆ. ಒಂದು ಸ್ಟ್ಯಾಂಡಿನಲ್ಲಿ ಸರದಿ ಕಳೆದುಕೊಂಡವನಿಗೆ ಇನ್ನೊಂದು ಸ್ಟ್ಯಾಂಡಿನಲ್ಲಿ ಸ್ಟೇರಿಂಗ್ ಕೊಡುವವರಿಲ್ಲ. ಮೆಕ್ಯಾನಿಕ್ ಕೆಲಸ ಕಲಿತಿದ್ದರೂ ಅವನಿಗೆ ಸ್ಟೇರಿಂಗ್ ಬಿಟ್ಟು ಬೇರೆ ಕೆಲಸ ಬೇಕಾಗಿರಲಿಲ್ಲ.

ಅವನು ವರ್ಕ್‌ಶಾಪಿಗೆ ಬಂದಾಗ ನಾನು ಅಲ್ಲೇ ಇದ್ದೆ. ಮೇಷ್ಟ್ರು ಏನೂ ಕೇಳದೆ ಕನ್ನಡಕ ತೆಗೆದು ಜೇಬಿಗೆ ಹಾಕಿ ಶುರುಮಾಡಿದರು. 'ಲೇ, ಜನದ ಜೀವ ಕಣೋ ಅದು. ಏರಲ್ಲಿ ಗೇರ್ ಹಾಕೋಕೆ ಬರದೋನು ನನ್ನ ಶಿಷ್ಯ ಅಂತ ಹೇಳ್ಕಬೇಡ.'

ತಿಮ್ಮೇಶ ತಲೆ ಎತ್ತಲಿಲ್ಲ. 'ಗೇರು ಸರ್ಯಾಗೇ ಇತ್ತು ಸಾರ್. ಕೆಳಗಿಂದ ಜೋರಾಗೇ ಬಂತು. ತಿರುವಲ್ಲಿ ನಿಧಾನ ಮಾಡಿದ್ ತಕ್ಷಣ ಎಳೀತಾನೇ ಇಲ್ಲ. ಉಸಿರು ಕಟ್ದಂಗಾಗಿ ಸತ್ತೋಯ್ತು.'

'ಇಂಜಿನ್ ಬಿಸಿ ಆಗಿತ್ತೇನೋ?'

'ಇಲ್ಲ ಸಾರ್, ಅದೇ ಮೊದಲ್ನೇ ಟ್ರಿಪ್ಪು. ತಣ್ಣಗಿತ್ತು.'

'ಯಾವ್ ಆಯಿಲ್ ಹಾಕಿದ್ರು?'

ತಿಮ್ಮೇಶ ಈಗ ತಲೆ ಎತ್ತಿದ. 'ನೀವ್ ಹೇಳ್ದಂಗೇ ಸಾರ್. ಗಟ್ಟೀದು.'

ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ಬೈಗುಳ ಮುಗಿದರೂ ಕನ್ನಡಕ ಜೇಬಿನಿಂದ ಈಚೆಗೆ ಬರಲಿಲ್ಲ. ನನಗೆ ಹೇಳುತ್ತಿದ್ದಾರೋ ಅವನಿಗೆ ಹೇಳುತ್ತಿದ್ದಾರೋ ತಿಳಿಯದ ಹಾಗೆ ಮಾತಾಡಿದರು. 'ಕೆಳಗಿಂದ ಜೋರಾಗಿ ಬಂದ, ಅಮಾವಾಸ್ಯೆ. ತಿರುವಲ್ಲಿ ನಿಧಾನ ಮಾಡ್ದ, ಸೋಮವಾರ ಆಗೋಯ್ತು. ಬಾಗ್ಲು ಕಾಯೋನು ಗಟ್ಟಿ ಆಯಿಲಲ್ಲಿ ಕಾಲು ಸಿಕ್ಕಾಕ್ಕಂಡು ಇನ್ನೂ ಅಮಾವಾಸ್ಯೆ ಬಾಗ್ಲೇ ತಕ್ಕಂಡು ನಿಂತವ್ನೆ. ಹೊಗೆ ವಾಪಸ್ ಒಳಕ್ಕೆ ಬಂತು. ಇನ್ನೆಲ್ಲಿ ಎಳೆಯುತ್ತೆ.'

ಮಾರನೇ ದಿನವೇ ತರೀಕೆರೆಗೆ ಹೊರಟರು. ಒಬ್ಬರೇ ಹೋದರೆ ಹೊಡೆದಾಡಿಕೊಂಡು ಬರುತ್ತಾರೆ, ನೀವೂ ಹೋಗಿ ಎಂದು ಅವರ ಮನೆಯವರು ನನ್ನನ್ನು ಜೊತೆಗೆ ಕಳಿಸಿದರು. ಬಾಷಾನ ಗ್ಯಾರೇಜಿನಲ್ಲಿ ಆ ಜೀಪು ರಿಪೇರಿಗೆ ನಿಂತಿತ್ತು. ಮೂಲೆಯಲ್ಲಿ ಒಂದು ಆಯಿಲ್ ಬ್ಯಾರಲ್ಲು. ಅಧ್ಯಕ್ಷರು ತಮ್ಮ ಟ್ರ್ಯಾಕ್ಟರು, ಲಾರಿಗಳಿಗೆಂದು ತರಿಸಿದ ಗಟ್ಟಿ ಆಯಿಲ್. ಜೀಪಿಗೆ ಬೇರೆ ಯಾಕೆ, ಇದನ್ನೇ ಹಾಕು ಎಂದು ಅವರೇ ಹೇಳಿ ಕಳಿಸಿದ್ದರಂತೆ.

'ಗಾಡಿ ಪುಸ್ತಕದಲ್ಲಿ ತೆಳುದು ಹಾಕಿ ಅಂತ ಇತ್ತು ಸಾರ್' ಎಂದ ಬಾಷಾ. 'ಅಧ್ಯಕ್ಷರಿಗೆ ಹೇಳ್ದೆ. ನಿಮ್ಮ ಮೇಷ್ಟ್ರು ಮಾತು ಗೋಡೆ ಮೇಲೆ ಬರ್ಸಿದೀಯಲ್ಲೋ, ಓದ್ಕೋ ಅಂದ್ರು.'

ಮೇಷ್ಟ್ರು ಗೋಡೆ ನೋಡಿದರು. ಆಮೇಲೆ ನೆಲ ಒರೆಸುವ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಆ ಕೆಂಪು ಅಕ್ಷರಗಳನ್ನು ಉಜ್ಜಲು ನಿಂತರು. ಹಳೆಯ ಬಣ್ಣ, ಸುಲಭಕ್ಕೆ ಹೋಗಲಿಲ್ಲ. ಬಾಷಾ ಬೇಡ ಸಾರ್, ನಾನು ಸುಣ್ಣ ಹೊಡೆಸುತ್ತೇನೆ ಎಂದು ಕೈ ಹಿಡಿದರೆ ಅವನ ಕೈಯನ್ನು ಕೊಡವಿದರು. ಅವರು ಅಷ್ಟು ಸಿಟ್ಟಾಗಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬೇರೆಯವರ ಮೇಲೆ ಸಿಟ್ಟು ಬಂದಾಗ ಅವರಿಗೆ ಬೈಯಲು ಒಂದು ಮುಖ ಇರುತ್ತಿತ್ತು.

ಸಂಘದವರನ್ನು ಒಪ್ಪಿಸಲು ಅವರು ಮಾಡಿದ ಉಪಾಯ ಮಾತ್ರ ಸರಿಯಾಗಿತ್ತು. ಜೀಪು ರಿಪೇರಿಯಾದ ಮೇಲೆ, ಅದೇ ಗಟ್ಟಿ ಆಯಿಲ್ ಇಟ್ಟುಕೊಂಡು, ಅದೇ ತಿರುವಿಗೆ, ಅಂಥದ್ದೇ ಚಳಿಯ ಬೆಳಗ್ಗೆ ತರಿಸಿದರು. ಅಧ್ಯಕ್ಷರೂ ಬಂದರು, ತಮ್ಮ ಗಾಡಿಯ ಮಾತಲ್ಲವೇ. ಹಿಂದೆ ಕಲ್ಲು ಹಿಡಿದು ನಿಲ್ಲಲು ಡ್ರೈವರುಗಳು. ತಾವು ಓಡಿಸಿದರೆ ನೀರಿನ ತೊಟ್ಟಿಯ ಕಥೆ ಎಲ್ಲರಿಗೂ ಗೊತ್ತು, ತಿಮ್ಮೇಶ ಓಡಿಸಿದರೆ ಬೇಕೆಂದೇ ನಿಲ್ಲಿಸಿದ ಎನ್ನುತ್ತಾರೆ. ಅದಕ್ಕೆ ಸ್ಟೇರಿಂಗಿಗೆ ಕಾರ್ಯದರ್ಶಿಯನ್ನೇ ಕೂರಿಸಿದರು. ಆ ಸ್ಟ್ಯಾಂಡಿನಲ್ಲಿ ಅವನಿಗಿಂತ ಹಳೆಯ ಡ್ರೈವರ್ ಇಲ್ಲ. ಅವನು ಜೋರಾಗಿ ಬಂದ, ತಿರುವಿನಲ್ಲಿ ನಿಧಾನ ಮಾಡಿದ, ಇಂಜಿನ್ ಕೆಮ್ಮಿ ಸತ್ತಿತು. ಕಲ್ಲು ಇಟ್ಟರು. ಮತ್ತೊಮ್ಮೆ ಕೆಳಗಿಂದ ಬಂದ, ಮತ್ತೆ ಸತ್ತಿತು.

ಬಾಷಾ ಆಯಿಲ್ ಇಳಿಸಿ, ಒಳಗಿನ ಸಣ್ಣ ಜರಡಿಯನ್ನು ತೊಳೆದು, ತೆಳು ಆಯಿಲ್ ತುಂಬಿದ. ಮಾರನೇ ಬೆಳಗ್ಗೆ ಅದೇ ಕಾರ್ಯದರ್ಶಿ ಅದೇ ತಿರುವಿನಲ್ಲಿ ನಡಿಗೆಯ ವೇಗಕ್ಕೆ ಇಳಿಸಿದರೂ ಗಾಡಿ ಗೊಣಗದೆ ಹತ್ತಿ ಹೋಯಿತು. ಅವನು ಮೇಲೆ ಗಾಡಿ ತಿರುಗಿಸಿಕೊಂಡು ಬಂದು, ಇಳಿದು, ತಿಮ್ಮೇಶನಿಗೆ ಕೀ ಕೊಟ್ಟ. 'ನಾಳೆಯಿಂದ ಸರ್ದಿಗೆ ಬಾರಪ್ಪ' ಎಂದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧ್ಯಕ್ಷರಿಗೆ ಹಾಗೆ ಮುಗಿಯುವುದು ಬೇಕಿರಲಿಲ್ಲ. ಬ್ಯಾರಲ್ಲು ಯಾರದು ಎಂದು ಯಾರೂ ಇನ್ನೂ ಕೇಳಿಯೇ ಇರಲಿಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವರೇ ಬಾಯಿಬಿಟ್ಟರು. 'ಡ್ರೈವರ್‌ದಲ್ಲ ಅಂದ್ರೆ ತಪ್ಪು ಯಾರ್ದು ಹಂಗಾರೆ? ಗಟ್ಟಿ ಆಯಿಲ್ ಅಂತ ಊರಿಗೆಲ್ಲ ಹೇಳ್ಕೊಟ್ಟೋರು ಯಾರು?'

ಮೇಷ್ಟ್ರು ಕನ್ನಡಕ ತೆಗೆಯಲಿಲ್ಲ. 'ನಾನು' ಎಂದರು. 'ತಪ್ಪು ನನ್ದು.'

'ಪೂರ್ತಿ ನಿಮ್ದೇನಾ?'

'ಪೂರ್ತಿ.'

ನನಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಜಗಳಕ್ಕೆ ನಿಂತೆ. ಬ್ಯಾರಲ್ ಕಳಿಸಿದವರು ಅವರು, ಗಾಡಿ ಪುಸ್ತಕದ ಮಾತು ಬೇಡ ಎಂದವರು ಅವರು, ನಿಮ್ಮದು ಅರ್ಧ ತಪ್ಪು ಸಾರ್, ಪೂರ್ತಿ ಅಂತ ಯಾಕೆ ಒಪ್ಪಿಕೊಂಡಿರಿ ಎಂದೆ. ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು. 'ನಾನು ಅರ್ಧ ಅಂದ್ರೆ ಉಳ್ದ ಅರ್ಧ ಯಾರ್ದು ಅಂತ ಶುರುವಾಗುತ್ತೆ ಕಣಮ್ಮಾ. ಅಧ್ಯಕ್ಷರು ಹೊತ್ಕಳಲ್ಲ. ಬಾಷಾ ಮೇಲೆ ಹಾಕ್ತಾರೆ, ಅವ್ನು ಡ್ರೈವರ್ ನೋಡ್ಕಬೇಕಿತ್ತು ಅಂತಾನೆ. ಸುತ್ತಿ ಬಳಸಿ ಮತ್ತೆ ತಿಮ್ಮೇಶನ ತಲೆ ಮೇಲೇ ಬತ್ತದೆ. ಅವ್ನ ಸರ್ದಿ ಹೋಗುತ್ತೆ' ಎಂದರು. ನಾನು ಸುಮ್ಮನಾಗಲಿಲ್ಲ, ಬೀರೂರು ಬರುವ ತನಕ ಬೈದೆ. ಅವರಿಗೆ ಕನ್ನಡಕ ತೆಗೆಯುವುದು ಗೊತ್ತಿತ್ತು, ನನಗೆ ಕನ್ನಡಕವೇ ಇರಲಿಲ್ಲ. ಅವರ ಮುಖ ನೋಡಿಕೊಂಡೇ ಬೈದೆ.

ಮುಂದಿನ ತಿಂಗಳು ಆಡಳಿತ ಮಂಡಳಿ ಸೇರಿತು. ತಪ್ಪು ಪಾಠ ಹೇಳಿಕೊಟ್ಟು ಸಂಸ್ಥೆಯ ಹೆಸರು ಕೆಡಿಸಿದ್ದಾರೆ ಎಂದು ಅವರನ್ನು ಕೆಲಸದಿಂದ ಬಿಡಿಸಿದರು. ಕಾರಣ ಅದಲ್ಲವೆಂದು ನನಗೆ ಗೊತ್ತು. ಹಿಂದೊಂದು ಅಮಾವಾಸ್ಯೆ, ಮಠದ ದಾಸೋಹದಲ್ಲಿ ಉಂಡವರು ಇನ್ನೂ ಏಳುತ್ತಿದ್ದಾಗ ಅಧ್ಯಕ್ಷರು ಸರದಿ ಬಿಟ್ಟು ಒಳಗೆ ಹೋಗಲು ಬಂದಿದ್ದರು. ಮೇಷ್ಟ್ರು ಬಾಗಿಲಿಗೆ ಅಡ್ಡ ಕೈ ಹಾಕಿದರು. ನಾನು ಯಾರು ಗೊತ್ತೇನ್ರಿ ಎಂದು ಅವರು ಕೇಳಿದರೆ ಇವರು, 'ಗೊತ್ತು, ಅದಕ್ಕೇ ಹೇಳ್ತಿರೋದು ನಿಲ್ಲಿ ಅಂತ' ಎಂದಿದ್ದರು. ಇಡೀ ಸಾಲು ನಕ್ಕಿತ್ತು. ಕೆಲವರು ಇಂಥದ್ದನ್ನು ಸಾಯುವ ತನಕ ಮರೆಯುವುದಿಲ್ಲ. ತಾವು ಸಾಯುವ ತನಕ ಅಲ್ಲ, ಎದುರಿನವರು ಸಾಯುವ ತನಕ.

ಕೆಲಸ ಹೋದ ಮೇಲೆ ಅವರು ಒಂದು ಹೊಸ ಕೆಲಸ ಹಚ್ಚಿಕೊಂಡರು. ತಮ್ಮ ಮಾತನ್ನು ವಾಪಸು ತೆಗೆದುಕೊಳ್ಳುವ ಕೆಲಸ. ಬೀರೂರಿನಲ್ಲಿ ರೈಲು ಹತ್ತಿ ಅಜ್ಜಂಪುರಕ್ಕೆ, ಬಸ್ಸಿನಲ್ಲಿ ತರೀಕೆರೆಗೆ, ಕಡೂರಿಗೆ. ಹಳೆಯ ಶಿಷ್ಯರ ಗ್ಯಾರೇಜಿಗೆ ನುಗ್ಗಿ, ನಿಂತಿರುವ ಗಾಡಿಯ ಬಾನೆಟ್ ಎತ್ತಿಸಿ, ಯಾವ ಆಯಿಲ್ ಎಂದು ಕೇಳುವುದು. ಗಟ್ಟಿ ಎಂದರೆ ಕನ್ನಡಕ ತೆಗೆಯುವುದು. ಗಟ್ಟಿ ಆಯಿಲ್ ಮೇಷ್ಟ್ರು ಬಂದು ಗಟ್ಟಿ ಆಯಿಲ್ ಹಾಕಬೇಡ ಎಂದರೆ ಜನಕ್ಕೆ ತಮಾಷೆ. ವಯಸ್ಸಾಯಿತು, ಅರಳುಮರಳು ಎಂದರು. ಅಜ್ಜಂಪುರದಲ್ಲಿ ಒಬ್ಬ, ಗಿರಾಕಿಗಳ ಮುಂದೆ ಮರ್ಯಾದೆ ತೆಗೆಯುತ್ತೀರಾ ಎಂದು ರಟ್ಟೆ ಹಿಡಿದು ಹೊರಗೆ ಬಿಟ್ಟ. ಮಾರನೇ ವಾರ ಮತ್ತೆ ಅದೇ ಗ್ಯಾರೇಜಿಗೆ ಹೋದರು.

'ತಪ್ಪು ಹೇಳ್ಕೊಟ್ಟಾಗ ಕಣ್ಮುಚ್ಕಂಡು ನಂಬಿದ್ರು' ಎಂದು ನನ್ನ ಹತ್ತಿರ ರೇಗಿದ್ದರು. 'ಈಗ ಸರೀದು ಹೇಳ್ತೀನಿ ಅಂದ್ರೆ ಪುಸ್ತಕ ತೋರ್ಸು ಅಂತಾರೆ. ನಾನು ಬೇಕಾದ್ದೆಲ್ಲ ಕಲಿಸ್ದೆ, ಅವತ್ತೇ ಹಿಂಗೆ ಪ್ರಶ್ನೆ ಕೇಳೋದೊಂದು ಕಲಿಸ್ಲಿಲ್ಲ.'

ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಡೀ ತಪ್ಪನ್ನು ಹೊತ್ತುಕೊಂಡು ಬ್ಯಾರಲ್ ಕಳಿಸಿದವರನ್ನು ಬಿಟ್ಟುಬಿಟ್ಟಿರಲ್ಲ ಎಂದು. ಎದೆನೋವನ್ನು ಯಾರಿಗೂ ಹೇಳದೆ ಬಿಸಿಲಿನಲ್ಲಿ ಗ್ಯಾರೇಜು ಸುತ್ತಿದಿರಲ್ಲ ಎಂದು. ಕಳೆದ ತಿಂಗಳು ಕಡೂರು ಬಸ್ ಸ್ಟ್ಯಾಂಡಿನಲ್ಲಿ ಕೂತಲ್ಲೇ ಹೋದರು. ಲಿಂಗೈಕ್ಯರಾದರು ಎಂದು ಫ್ಲೆಕ್ಸಿನಲ್ಲಿ ಹಾಕಿಸಿದರು. ಆ ಫ್ಲೆಕ್ಸನ್ನು ಕಟ್ಟಿಸಿದವರೂ ಅಧ್ಯಕ್ಷರೇ. ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತಂತೆ.

ನುಡಿನಮನದಲ್ಲಿ ಅಧ್ಯಕ್ಷರು ಇನ್ನೂ ಏನೇನೋ ಹೇಳಿದರು. ಮೇಷ್ಟ್ರು ಸ್ವಇಚ್ಛೆಯಿಂದ ನಿವೃತ್ತಿ ಪಡೆದರು ಎಂದರು. ಆ ಮಾತಿಗೆ ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದ್ದನ್ನು ಕಂಡೆ. ನಾನೂ ಎದ್ದು ನಿಲ್ಲಲಿಲ್ಲ. ಸಾವಿನ ಮನೆಯ ಸಭೆಯಲ್ಲಿ ಗಲಾಟೆ ಬೇಡವೆಂದು ಆಯಮ್ಮನೇ ನನಗೆ ಮುಂಚೆ ಹೇಳಿದ್ದರು. ಕೊನೆಗೆ ಮೌನಾಚರಣೆ ಎಂದರು. ಎರಡು ನಿಮಿಷ ಬಾಯಿ ಮುಚ್ಚಿ ಗೊತ್ತಿಲ್ಲದ ಮನುಷ್ಯನಿಗೆ ಎರಡು ನಿಮಿಷದ ಮೌನ. ಅದೂ ಮುಗಿಯಿತು. ಎಲ್ಲರೂ ಪ್ರಸಾದಕ್ಕೆ ಎದ್ದರು.

ದಾಸೋಹದ ಮನೆಯ ಮುಂದೆ ಒಂದೇ ನೂಕುನುಗ್ಗಲು. ಮೇಷ್ಟ್ರ ಜಾಗದಲ್ಲಿ ಯಾರನ್ನು ನಿಲ್ಲಿಸಬೇಕೆಂದು ಮಠದವರಿಗೆ ತೋಚಿರಲಿಲ್ಲ ಅಂತ ಕಾಣುತ್ತದೆ. ಎರಡು ಬಾಗಿಲೂ ಹಾರುಹೊಡೆದಿದ್ದವು. ಮೊದಲ ಪಂಕ್ತಿಯಲ್ಲಿ ಉಂಡವರು ಏಳುವ ಮುಂಚೆಯೇ ಹೊರಗಿನವರು ನುಗ್ಗಿದರು. ಎಂಜಲು ಕೈಯವರು ಹಿಂದಿನ ಬಾಗಿಲಿಗೆ ಹೋಗಲಾರದೆ ಮುಂದಿನ ಬಾಗಿಲಿಗೆ ತಿರುಗಿದರು, ಪಾಯಸದ ಬಕೆಟ್ಟು ಹಿಡಿದವನು ನಡುವೆ ಸಿಕ್ಕಿಕೊಂಡ. ಯಾರೋ 'ಬಾಗ್ಲಲ್ಲಿ ಯಾರ್ರೀ ಇರೋದು' ಎಂದು ಕೂಗುತ್ತಿದ್ದರು.

ತಿಮ್ಮೇಶ ಅವತ್ತು ಬೆಟ್ಟದ ಸರದಿ ಬಿಟ್ಟು ಬಂದಿದ್ದ. ಈಗ ಬೇರೆಯವರ ಜೀಪು ಓಡಿಸುತ್ತಾನೆ, ಬಾಷಾನೇ ಅದಕ್ಕೆ ತೆಳು ಆಯಿಲ್ ಹಾಕುತ್ತಾನೆ. ಅವನು ಜನರನ್ನು ಸೀಳಿಕೊಂಡು ಹೋಗಿ ಮುಂದಿನ ಬಾಗಿಲಿನ ಒಂದು ರೆಕ್ಕೆ ಮುಚ್ಚಿ, ಇನ್ನೊಂದಕ್ಕೆ ಅಡ್ಡ ಕೈ ಹಾಕಿ ನಿಂತ. ಒಳಗಿನವರು ಮೊದಲು ಹೋಗಲಿ, ಆಮೇಲೆ ಬಿಡುತ್ತೇನೆ ಎಂದ. ಜನ ಗೊಣಗಿದರೂ ನಿಂತರು. ಆಗ ಅಧ್ಯಕ್ಷರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು, ನನ್ನ ಪಕ್ಕದಿಂದ ಹಾದು ಬಾಗಿಲಿಗೆ ಹೋದರು.

'ಬಿಡಯ್ಯ' ಎಂದರು.

'ಉಂಡೋರು ಇನ್ನೂ ಹೋಗಿಲ್ಲ ಸಾರ್.'

'ನಾನು ಯಾರು ಗೊತ್ತೇನಯ್ಯ?'

ತಿಮ್ಮೇಶನಿಗೆ ಕನ್ನಡಕವಿಲ್ಲ. ಅವನು ಅಧ್ಯಕ್ಷರ ಮುಖವನ್ನು ಸರಿಯಾಗಿಯೇ ನೋಡಿದ.

'ಗೊತ್ತು ಸಾರ್. ಬ್ಯಾರಲ್ ಕಳ್ಸಿದೋರು. ನಿಲ್ಲಿ.'

ಸಾಲಿನಲ್ಲಿ ಯಾರೂ ನಗಲಿಲ್ಲ. ಅಧ್ಯಕ್ಷರು ಹಿಂದೆ ತಿರುಗಿ ನನ್ನನ್ನು ನೋಡಿದರು, ನಾನೇನಾದರೂ ಹೇಳುತ್ತೇನೋ ಎಂಬಂತೆ. ಒಳಗೆ ಕೊನೆಯ ಮುದುಕಿ ಎದ್ದು, ಸೆರಗು ಕೊಡವಿಕೊಂಡು, ನಿಧಾನಕ್ಕೆ ಹಿಂದಿನ ಬಾಗಿಲು ದಾಟುವ ತನಕ ಅಧ್ಯಕ್ಷರು ನಿಂತಿದ್ದರು.